ನಾಶವಾಗದ್ದನ್ನು ಉಳಿಸುವುದು ಯಾಕೆ, ಮಿಸ್?

ಡಿಸೆಂಬರ್ 14ರ ಇಂಧನ ಸಂರಕ್ಷಣಾ ದಿನಕ್ಕೆಂದು ಒಂಬತ್ತನೇ ತರಗತಿಯವರಿಂದ ಭಿತ್ತಿಪತ್ರ ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಸ್ಕೆಚ್ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೇಳಿದ: "ಮಿಸ್, ಶಕ್ತಿಯನ್ನು ನಾಶ ಮಾಡಲು ಆಗುವುದಿಲ್ಲ ಎಂದು ಹೋದ ವಾರ ನೀವೇ ಬರೆಸಿದ್ದೀರಿ. ಮತ್ತೆ ಉಳಿಸುವುದು ಯಾಕೆ?"

"ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ" ಎಂದೆ. ಉತ್ತರ ಹೊಳೆಯದಾಗ ನಾವು ಶಿಕ್ಷಕರು ಹೇಳುವ ಮಾತು ಅದು.

ಮನೆಗೆ ಬಂದು ಯೋಚಿಸಿದರೆ ಅರ್ಧ ತಪ್ಪು ಪದದ್ದು. ಭೌತಶಾಸ್ತ್ರದ ನಿಯಮಕ್ಕೂ ಸಂರಕ್ಷಣೆ, ಲೈಟ್ ಆರಿಸುವುದಕ್ಕೂ ಸಂರಕ್ಷಣೆ. ಇನ್ನರ್ಧ ನನ್ನದು. ಬಲ್ಬಿನ ಬಿಸಿ, ಮೋಟರಿನ ಬಿಸಿಯ ಮಾತು ಬಂದಾಗಲೆಲ್ಲ "ವ್ಯರ್ಥವಾಗುತ್ತದೆ" ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ವ್ಯರ್ಥ ಎಂದರೆ ಮಕ್ಕಳ ಕಿವಿಗೆ ಇಲ್ಲವಾಯಿತು ಎಂದೇ ಕೇಳಿಸುತ್ತದೆ.

ಮರುದಿನ ಪರೀಕ್ಷಿಸಿಯೇ ಬಿಟ್ಟೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ 75 ವ್ಯಾಟ್‌ನ ಫ್ಯಾನ್ ಒಂದು ಗಂಟೆ ತಿರುಗಿತು. ಜೂಲ್ ಎಂದರೆ ಶಕ್ತಿಯ ಅಳತೆ, ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಹಾಗಾದರೆ ಫ್ಯಾನ್ ಬಳಸಿದ 2,70,000 ಜೂಲ್ ಎಲ್ಲಿ ಹೋಯಿತು?

"ಗಾಳಿಯಾಯಿತು."

"ಸ್ವಿಚ್ ಆರಿಸಿದ ಮೇಲೆ ಗಾಳಿಯೂ ನಿಂತಿತಲ್ಲ?"

"ಮುಗಿಯಿತು, ಮಿಸ್."

ನಿಯಮವನ್ನು ಮಗ್ಗಿಯಂತೆ ಒಪ್ಪಿಸಿದವರೇ ಇವರು! ಕೋಣೆ ಸ್ವಲ್ಪ ಬಿಸಿಯಾಗಿರುತ್ತದೆ ಎಂದೆ. ನಕ್ಕುಬಿಟ್ಟರು. ಬೆವರು ಬೇಗ ಆರುವುದರಿಂದ ಮೈಗೆ ತಂಪು, ಕೋಣೆಗಲ್ಲ ಎಂದು ವಿವರಿಸಿದೆ, ತಲೆಯಾಡಿಸಿದರು, ನಂಬಲಿಲ್ಲ.

ಆಮೇಲೆ ಮನೆಯಿಂದ ಮಿಕ್ಸಿ ಹೊತ್ತುಕೊಂಡು ಹೋದೆ. (ಸಹೋದ್ಯೋಗಿಗಳು ಚಟ್ನಿ ಯಾರಿಗೆ ಎಂದು ಕೇಳಿದ್ದು ಬೇರೆ ವಿಷಯ.) ಜಾರಿಗೆ ಅರ್ಧ ಲೀಟರ್ ನೀರು, ಉಷ್ಣತಾಮಾಪಕದಲ್ಲಿ 24 ಡಿಗ್ರಿ. ಮೋಟರ್ ಸುಡಬಾರದೆಂದು ಒಂದೊಂದು ನಿಮಿಷ ತಿರುಗಿಸಿ, ಬಿಡುವು ಕೊಟ್ಟು, ಮತ್ತೆ ತಿರುಗಿಸಿದೆವು. ಮೂರನೇ ಸುತ್ತಿನ ಹೊತ್ತಿಗೆ 29 ಡಿಗ್ರಿ. ಒಲೆಯಿಲ್ಲ, ಹೀಟರ್ ಇಲ್ಲ, ಬರೀ ಬ್ಲೇಡು. 1840ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂಲ್ (ಅಳತೆಗೆ ಇಟ್ಟಿರುವುದು ಇವನದೇ ಹೆಸರು) ನೀರನ್ನು ಕಡೆದು ಅಳೆದದ್ದೂ ಇದನ್ನೇ. ಅವನದು ಇಳಿಯುವ ತೂಕಗಳಿಂದ ತಿರುಗುವ ಹುಟ್ಟುಗಳು, ನಮ್ಮದು ಮಿಕ್ಸಿ.

"ಅದಕ್ಕೇ ಅಮ್ಮ ಮಿಕ್ಸಿಯಲ್ಲಿ ಉದ್ದು ರುಬ್ಬುವಾಗ ಫ್ರಿಜ್ಜಿನ ನೀರು ಹಾಕುವುದು!" ಎಂದು ಒಬ್ಬಳು ಕೂಗಿದಳು. ನನ್ನ ಹದಿನಾರು ವರ್ಷದ ಪಾಠದಲ್ಲಿ ಈ ಉದಾಹರಣೆ ಒಮ್ಮೆಯೂ ಬಂದಿರಲಿಲ್ಲ.

ನಮ್ಮದು ಸಾಗರ ತಾಲ್ಲೂಕು, ಜೋಗ ನೋಡದ ಮಕ್ಕಳಿಲ್ಲ. ಲೆಕ್ಕವನ್ನು ಅಲ್ಲಿಗೇ ಒಯ್ದೆ. ಅರ್ಧ ಲೀಟರ್ ನೀರು ಐದು ಡಿಗ್ರಿ ಏರಲು ಸುಮಾರು 10,500 ಜೂಲ್ ಬೇಕು. 253 ಮೀಟರ್ ಎತ್ತರದಿಂದ ಬೀಳುವ ಒಂದು ಲೀಟರ್ ನೀರು ಕೊಡುವುದು ಸುಮಾರು 2,480 ಜೂಲ್. ಅಂದರೆ ನಾಲ್ಕು ಲೀಟರಿಗೂ ಹೆಚ್ಚು ನೀರು ಜೋಗದ ತುದಿಯಿಂದ ತಳಕ್ಕೆ ಬೀಳಬೇಕು, ಈ ಜಾರಿನ ನೀರು ಇಷ್ಟೇ ಇಷ್ಟು ಬೆಚ್ಚಗಾಗಲು. ತರಗತಿ ಮೌನವಾಯಿತು.

"ಈಗ ಈ ಬೆಚ್ಚಗಿನ ನೀರಿನಿಂದ ಮಿಕ್ಸಿ ತಿರುಗಿಸು ನೋಡೋಣ" ಎಂದು ಮುಚ್ಚಳ ಕಚ್ಚುವ ಹುಡುಗನಿಗೆ ಹೇಳಿದೆ. ಎಂತಹ ಯಂತ್ರ ಕಟ್ಟಿದರೂ ಐದು ಡಿಗ್ರಿಯ ವ್ಯತ್ಯಾಸದಿಂದ ನೂರರಲ್ಲಿ ಎರಡು ಪಾಲೂ ಕೆಲಸವಾಗಿ ಹಿಂದಿರುಗುವುದಿಲ್ಲ. ಜೂಲ್ ಒಂದೂ ಕಳೆದಿಲ್ಲ, ಆದರೆ ಎಲ್ಲವೂ ನೀರಿನಲ್ಲಿ, ಜಾರಿನಲ್ಲಿ, ಮೋಟರಿನಲ್ಲಿ, ಗಾಳಿಯಲ್ಲಿ ಚದುರಿ ಕೂತಿವೆ. ಅವನು ಜಾರನ್ನು ಮುಟ್ಟಿ ನೋಡಿ, "ಚಿಲ್ಲರೆಯಾಗಿ ಹೋಯಿತು" ಎಂದ. ಆ ಪದವನ್ನು ಕಪ್ಪುಹಲಗೆಯ ಮೇಲೆ ಬರೆದೆ; "ವ್ಯರ್ಥ"ವನ್ನು ಅಳಿಸಿದೆ.

ಕಿರುಪರೀಕ್ಷೆಯಲ್ಲಿ ಫ್ಯಾನಿನ ಪ್ರಶ್ನೆಯನ್ನೇ ಮತ್ತೆ ಕೊಟ್ಟೆ. ಅರ್ಧಕ್ಕಿಂತ ಹೆಚ್ಚು ಮಂದಿ ಕೋಣೆ ಬಿಸಿಯಾಗುತ್ತದೆ ಎಂದು ಬರೆದಿದ್ದರು. ಒಬ್ಬಳು ಮಾತ್ರ ಕೆಳಗೆ ಒಂದು ಸಾಲು ಸೇರಿಸಿದ್ದಳು: "ಆದರೂ ನಮ್ಮ ಮನೆಯಲ್ಲಿ ಫ್ಯಾನ್ ಹಾಕಿದರೆ ತಂಪೇ ಆಗುತ್ತದೆ." ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ "ಗೋಡೆಗೆ ಉಷ್ಣತಾಮಾಪಕ ತೂಗುಹಾಕಿ ನೋಡು" ಎಂದು ಬರೆದಿದ್ದೇನೆ. ಪ್ರಯೋಗಾಲಯದ್ದು ಒಂದೇ ಇರುವುದು, ಶನಿವಾರ ಕೊಂಡೊಯ್ದಿದ್ದಾಳೆ.