ಮಾಲೀಕರಿಲ್ಲದ ಆಸ್ಪತ್ರೆಯಲ್ಲಿ ನರ್ಸ್ ಯಾಕೆ ಕಡಿಮೆ?

ನಾನು ಕೆಲಸ ಮಾಡುವ ಆಸ್ಪತ್ರೆಗೆ ಮಾಲೀಕರಿಲ್ಲ. ಷೇರುದಾರರಿಲ್ಲ, ಲಾಭ ಹಂಚಿಕೊಳ್ಳುವವರೂ ಇಲ್ಲ. ಅಮೆರಿಕದ ಓಹಾಯೋ ರಾಜ್ಯದ ಈ ಆಸ್ಪತ್ರೆ ಕಾನೂನಿನ ಪ್ರಕಾರ ನಾನ್‌ಪ್ರಾಫಿಟ್. ಇಲ್ಲಿ ಸಾಮಾನ್ಯ ಜನ ಹೋಗುವ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ಹಾಗಿದ್ದರೂ ರಾತ್ರಿ ಪಾಳಿಯಲ್ಲಿ ನಮ್ಮ ವಾರ್ಡಿಗೆ ಸಾಕಾಗುವಷ್ಟು ಜನ ಇರೋದಿಲ್ಲ. ದುಡ್ಡಿಲ್ಲ ಅಂತಲ್ಲ. ದುಡ್ಡಿದೆ, ಅದು ಬೇರೆ ಕಡೆ ಹೋಗುತ್ತಿದೆ. ರಾಯಚೂರಿನ ನನ್ನ ಜನರಿಗೆ ಇದನ್ನು ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು. ನಮ್ಮ ಕಡೆ ಮಗಳನ್ನು ನರ್ಸಿಂಗ್ ಓದಿಸಿ ಹೊರದೇಶಕ್ಕೆ ಕಳಿಸುವ ಆಸೆ ಇಟ್ಟುಕೊಂಡ ಅಪ್ಪ ಅಮ್ಮಂದಿರು ಈಗ ಜಾಸ್ತಿ ಆಗಿದ್ದಾರೆ, ಅಲ್ವಾ?

ನಾನ್‌ಪ್ರಾಫಿಟ್ ಆಸ್ಪತ್ರೆ ಆದಾಯ ತೆರಿಗೆ ಕಟ್ಟುವುದಿಲ್ಲ. ಸಾಮಾನ್ಯವಾಗಿ ಆಸ್ತಿ ತೆರಿಗೆಯೂ ಇಲ್ಲ. 2020ರ ಒಂದೇ ವರ್ಷದಲ್ಲಿ ಈ ಆಸ್ಪತ್ರೆಗಳಿಗೆ ಸಿಕ್ಕ ವಿನಾಯಿತಿ ಸುಮಾರು 2,800 ಕೋಟಿ ಡಾಲರ್ ಎಂದು ಕೆಎಫ್‌ಎಫ್ ಎಂಬ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆ ಅಂದಾಜು ಮಾಡಿದೆ. ಬದಲಿಗೆ ಆಸ್ಪತ್ರೆ ಊರಿಗೆ ಏನು ಕೊಡಬೇಕು? 1969ಕ್ಕೆ ಮೊದಲು, ಕೈಲಾದಷ್ಟು ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡಬೇಕು ಅಂತಿತ್ತು. ಆ ವರ್ಷ ತೆರಿಗೆ ಇಲಾಖೆ ಅದನ್ನು ಸಡಿಲ ಮಾಡಿ 'ಸಮುದಾಯಕ್ಕೆ ಉಪಯೋಗ' ಆದರೆ ಸಾಕು ಅಂದಿತು. 2010ರ ಆರೋಗ್ಯ ಕಾನೂನು ಒಂದಷ್ಟು ಬಿಗಿ ಮಾಡಿತು. ಬಡ ರೋಗಿಗಳಿಗೆ ರಿಯಾಯಿತಿ ಹೇಗೆ ಅಂತ ಬರೆದಿಡಬೇಕು, 3 ವರ್ಷಕ್ಕೊಮ್ಮೆ ಊರಿನ ಆರೋಗ್ಯದ ಅಗತ್ಯ ಏನೆಂದು ಸಮೀಕ್ಷೆ ಮಾಡಬೇಕು. ಆದರೆ ಕನಿಷ್ಠ ಇಷ್ಟು ಮೊತ್ತದ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು ಎಂಬ ಮಾತು ಕೇಂದ್ರದ ಕಾನೂನಿನಲ್ಲಿ ಇವತ್ತಿಗೂ ಇಲ್ಲ.

ಮಾಲೀಕರೇ ಇಲ್ಲದ ಮೇಲೆ ದುರಾಸೆ ಯಾರದು? ಉಳಿದ ಹಣವನ್ನು ಹಂಚಿಕೊಳ್ಳುವ ಹಾಗಿಲ್ಲ, ನಿಜ. ಆದರೆ ಕೂಡಿಡಬಹುದು, ಷೇರು ಮಾರುಕಟ್ಟೆಯಲ್ಲಿ ಹಾಕಬಹುದು, ಪಕ್ಕದ ಊರಿನ ಆಸ್ಪತ್ರೆಯನ್ನು ಕೊಳ್ಳಬಹುದು. ದೊಡ್ಡ ಅಧಿಕಾರಿಗಳಿಗೆ ದೊಡ್ಡ ಸಂಬಳ ಕೊಡಬಹುದು. ದೊಡ್ಡ ಆಸ್ಪತ್ರೆ ಸಮೂಹಗಳಲ್ಲಿ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿದ ಮುಖ್ಯಸ್ಥರೂ ಇದ್ದಾರೆ. ಫಾರ್ಮ್ 990 ಎಂಬ ತೆರಿಗೆ ಪತ್ರದಲ್ಲಿ ಇದೆಲ್ಲ ಇರುತ್ತದೆ, ಯಾರು ಬೇಕಾದರೂ ಓದಬಹುದು. ಜೊತೆಗೆ ಇವರು ಬಾಂಡ್ ಮೂಲಕ ಸಾಲ ಎತ್ತುತ್ತಾರೆ. ಸಾಲಕ್ಕೆ ರೇಟಿಂಗ್ ಕೊಡುವ ಕಂಪನಿಗಳು ನೋಡುವ ಒಂದು ಮುಖ್ಯ ಲೆಕ್ಕ, ನಾಳೆಯಿಂದ ಆದಾಯ ನಿಂತರೂ ಕೈಯಲ್ಲಿರುವ ಹಣದಲ್ಲಿ ಎಷ್ಟು ದಿನ ಆಸ್ಪತ್ರೆ ನಡೆಯುತ್ತದೆ ಅನ್ನೋದು. ಒಳ್ಳೆ ರೇಟಿಂಗ್ ಬೇಕೆಂದರೆ ಆ ದಿನಗಳು ಜಾಸ್ತಿ ಆಗಬೇಕು, ಅದಕ್ಕೆ ಖರ್ಚು ಇಳಿಸಬೇಕು. ಬಡ್ಡಿ ತಪ್ಪಿಸೋಕೆ ಆಗಲ್ಲ, ಔಷಧಿ ಕಂಪನಿ ಬೆಲೆ ಇಳಿಸಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಕತ್ತರಿ ಬೀಳುವುದು ಅಲ್ಲಿಗೇ.

ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಅದಕ್ಕೇ ಪೇಪರಿನಲ್ಲಿ ಸುದ್ದಿ ಆಗುವುದಿಲ್ಲ. ಒಬ್ಬರು ನಿವೃತ್ತಿಯಾದರೆ ಆ ಜಾಗ ಹಾಗೇ ಖಾಲಿ ಉಳಿಯುತ್ತದೆ. ರೋಗಿಯನ್ನು ಎಬ್ಬಿಸಿ ಬಾತ್‌ರೂಮಿಗೆ ಕರೆದೊಯ್ಯುವ ನರ್ಸಿಂಗ್ ಅಸಿಸ್ಟೆಂಟ್‌ಗಳು ಮೊದಲು ಕಡಿಮೆಯಾದರು. ರಾತ್ರಿ 11ಕ್ಕೆ ಸೂಪರ್‌ವೈಸರ್ ತಲೆ ಎಣಿಸುತ್ತಾರೆ. ಒಬ್ಬ ರೋಗಿಗೆ ದಿನಕ್ಕೆ ಇಷ್ಟು ಗಂಟೆ ನರ್ಸಿಂಗ್ ಅಂತ ಮೇಲಿನಿಂದ ಒಂದು ಅಂಕಿ ಬಂದಿರುತ್ತದೆ. ರೋಗಿಗಳು ಎರಡು ಕಡಿಮೆ ಇದ್ದರೆ ಒಬ್ಬ ನರ್ಸನ್ನು ಮನೆಗೆ ಕಳಿಸುತ್ತಾರೆ, ಆ ಗಂಟೆಗಳ ಸಂಬಳವೂ ಇಲ್ಲ. ನಸುಕಿನಲ್ಲಿ ಎಮರ್ಜೆನ್ಸಿಯಿಂದ ಮೂವರು ಹೊಸಬರು ಬಂದರೆ ಉಳಿದವರೇ ನೋಡಿಕೊಳ್ಳಬೇಕು.

ಅಂಥದೊಂದು ರಾತ್ರಿ ನಾನು ಒಬ್ಬರಿಗೆ ರಕ್ತ ಏರಿಸುತ್ತಿದ್ದೆ. ರಕ್ತ ಹಚ್ಚಿದ ಮೊದಲ 15 ನಿಮಿಷ ನರ್ಸ್ ಹಾಸಿಗೆ ಬಿಟ್ಟು ಕದಲುವ ಹಾಗಿಲ್ಲ. ರಕ್ತ ಒಗ್ಗದಿದ್ದರೆ ಮೈ ನಡುಗುವುದು, ಜ್ವರ, ಉಸಿರಾಟದ ತೊಂದರೆ ಆಗಲೇ ಶುರುವಾಗಬಹುದು. ಅಷ್ಟರಲ್ಲಿ ಆಚೆ ಕೋಣೆಯ ಅಜ್ಜಿ ಬೆಲ್ ಒತ್ತಿದರು. ಅಸಿಸ್ಟೆಂಟ್ ಇರಲಿಲ್ಲ. ಉಳಿದ ನರ್ಸ್‌ಗಳೂ ತಮ್ಮ ರೋಗಿಗಳ ಜೊತೆ ಸಿಕ್ಕಿಹಾಕಿಕೊಂಡಿದ್ದರು. ಬೆಲ್ ಹೊಡೆದುಕೊಳ್ಳುತ್ತಲೇ ಇತ್ತು, ಆಮೇಲೆ ನಿಂತಿತು. ಅಜ್ಜಿ ತಾವೇ ಎದ್ದು ಬಾತ್‌ರೂಮಿಗೆ ಹೊರಟು ಬಿದ್ದಿದ್ದರು. ಸೊಂಟದ ಮೂಳೆ ಮುರಿಯಿತು. ಆ ಮೇಲೆ ತುಂಬುವ ಫಾರ್ಮಿನಲ್ಲಿ ಹಾಸಿಗೆಯ ಅಲಾರಂ ಹಾಕಿತ್ತೇ, ಕಂಬಿ ಏರಿಸಿತ್ತೇ, ನೆಲ ಒದ್ದೆ ಇತ್ತೇ ಅಂತೆಲ್ಲ ಕೇಳುತ್ತಾರೆ. ವಾರ್ಡಿನಲ್ಲಿ ಆ ಹೊತ್ತಿಗೆ ಎಷ್ಟು ಜನ ನರ್ಸ್ ಇದ್ದರು ಅನ್ನುವ ಪ್ರಶ್ನೆ ಆ ಫಾರ್ಮಿನಲ್ಲಿ ಇಲ್ಲ. ಅದನ್ನು ನೋಡಿ ನನಗಾದ ಸಿಟ್ಟು ಇನ್ನೂ ಇಳಿದಿಲ್ಲ.

ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ವಾರ್ಡ್ ನೋಡಿದವರಿಗೆ ಒಂದು ವಿಷಯ ಗೊತ್ತು. ನಮ್ಮಲ್ಲೂ ನರ್ಸ್‌ಗಳು ಕಡಿಮೆಯೇ. ಆದರೆ ಪ್ರತಿ ಹಾಸಿಗೆಯ ಪಕ್ಕ ಮನೆಯವರೊಬ್ಬರು ಚಾಪೆ ಹಾಸಿಕೊಂಡು ಇರುತ್ತಾರೆ. ಮಗ್ಗುಲು ತಿರುಗಿಸುವುದು, ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಇಡುವುದು ಅವರೇ. ಸಲೈನ್ ಮುಗಿದರೆ ಓಡಿಹೋಗಿ 'ಸಿಸ್ಟರ್' ಅಂತ ಕರೆಯುವವರೂ ಅವರೇ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಂದ ಆ ಮನುಷ್ಯ ಅಷ್ಟು ದಿನದ ಕೂಲಿ ಕಳೆದುಕೊಂಡಿರುತ್ತಾನೆ. ಕೊರತೆಯ ಬೆಲೆಯನ್ನು ಅವನು ಕಟ್ಟುತ್ತಿದ್ದಾನೆ. ಇಲ್ಲಿ ರಾತ್ರಿ ಹೆಚ್ಚಿನ ರೋಗಿಗಳ ಜೊತೆ ಯಾರೂ ಇರುವುದಿಲ್ಲ. ಒಬ್ಬ ನರ್ಸ್ ಕಡಿಮೆಯಾದರೆ ಆ ಜಾಗ ತುಂಬುವವರಿಲ್ಲ.

ಇದು ಬರೀ ನಮ್ಮ ಕಷ್ಟದ ಮಾತೂ ಅಲ್ಲ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಜೊತೆಗಾರರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಆಪರೇಷನ್ ಆದ ರೋಗಿಗಳ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ ಎಂದು ಅದರಲ್ಲಿ ಕಂಡುಬಂತು. ಕ್ಯಾಲಿಫೋರ್ನಿಯಾ 1999ರಲ್ಲೇ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿದೆ. ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸಿಗೆ 5 ರೋಗಿಗಳಿಗಿಂತ ಹೆಚ್ಚು ಕೊಡುವ ಹಾಗಿಲ್ಲ, ಐಸಿಯುನಲ್ಲಿ 2. ಓಹಾಯೋದಲ್ಲಿ ಅಂಥ ಮಿತಿ ಇಲ್ಲ. ಕಾನೂನು ಇಲ್ಲದ ಕಡೆ ಮುಷ್ಕರ ಮಾಡಬೇಕು. 2023ರ ಜನವರಿಯಲ್ಲಿ ನ್ಯೂಯಾರ್ಕಿನ ಎರಡು ದೊಡ್ಡ ನಾನ್‌ಪ್ರಾಫಿಟ್ ಆಸ್ಪತ್ರೆಗಳ 7,000ಕ್ಕೂ ಹೆಚ್ಚು ನರ್ಸ್‌ಗಳು 3 ದಿನ ಹೊರಗೆ ನಿಂತರು. ಅದೇ ವರ್ಷ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸುಮಾರು 1,700 ಮಂದಿ ಶುರು ಮಾಡಿದ ಮುಷ್ಕರ ಡಿಸೆಂಬರ್‌ವರೆಗೂ ನಡೆಯಿತು. ಎರಡೂ ಕಡೆ ಮುಖ್ಯ ಬೇಡಿಕೆ ಹೆಚ್ಚು ನರ್ಸ್‌ಗಳನ್ನು ಕೊಡಿ ಅನ್ನೋದೇ ಆಗಿತ್ತು.

ರಾಯಚೂರಿನಲ್ಲಿ ಏಮ್ಸ್‌ಗಾಗಿ 2022ರಲ್ಲಿ ಶುರುವಾದ ಧರಣಿಯ ಸುದ್ದಿಯನ್ನು ಇಲ್ಲಿಂದಲೇ ಓದುತ್ತಾ ಬಂದಿದ್ದೇನೆ. ಏಮ್ಸ್ ಬರಲೇಬೇಕು. ಅದರ ಜೊತೆಗೇ ಇರುವ ಆಸ್ಪತ್ರೆಗಳಲ್ಲಿ ನರ್ಸ್ ಹುದ್ದೆ ಎಷ್ಟು, ತುಂಬಿರುವುದು ಎಷ್ಟು ಅಂತಲೂ ಜೋರಾಗಿ ಕೇಳಬೇಕು. ನಮ್ಮ ದೇಶದಲ್ಲೂ ಟ್ರಸ್ಟ್ ಆಸ್ಪತ್ರೆಗಳಿಗೆ ತೆರಿಗೆ ವಿನಾಯಿತಿ ಇದೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತ್ತು. ನಿಮ್ಮ ಓಣಿಯಲ್ಲಿ ನರ್ಸ್ ಯಾರಾದರೂ ಇದ್ದರೆ ಕೈಗೆ ಎಷ್ಟು ಬರುತ್ತದೆ ಅಂತ ಕೇಳಿ ನೋಡಿ.

ನನ್ನ ಕಾಕಾನ ಮಗಳು ರಾಯಚೂರಿನಲ್ಲೇ ನರ್ಸಿಂಗ್ ಕೊನೇ ವರ್ಷದಲ್ಲಿದ್ದಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ "ಅಕ್ಕಾ, ಹಂಗಾದ್ರ ನಾ ಬರೋದು ಬ್ಯಾಡೇನು?" ಅಂದಳು. ಬಾ ಅಂದೆ. ಸಂಬಳ ಚೆನ್ನಾಗಿದೆ, ಕಲಿಯೋದಕ್ಕೂ ಬಹಳ ಇದೆ. ಆದರೆ ಏಜೆನ್ಸಿಯವರು ಕಾಗದ ಮುಂದಿಟ್ಟಾಗ ಕೇಳು: ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಅಸಿಸ್ಟೆಂಟ್ ಇರುತ್ತಾರಾ? ಯೂನಿಯನ್ ಇದೆಯಾ? ಅವಧಿಗೆ ಮೊದಲು ಬಿಟ್ಟರೆ ಎಷ್ಟು ಹಣ ಕಟ್ಟಬೇಕು? ಆ ಆಸ್ಪತ್ರೆಯ 990 ತೆಗೆದು ನನಗೂ ಕಳಿಸು, ಇಬ್ಬರೂ ಕೂತು ಓದೋಣ. ಮೊದಲ ಪ್ರಶ್ನೆಗೇ ನೇರ ಉತ್ತರ ಬರಲಿಲ್ಲ ಅಂದ್ರೆ ಸಹಿ ಹಾಕಬೇಡ.