ಹಳೇ ಕಾಂಪೌಂಡ್ ಬಿಲ್ಲು ಎಳೆಯುವ ಮೊದಲು

ಧಾರವಾಡದ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಕಾಂಪೌಂಡ್ ಬಿಲ್ಲು (ತೋಳುಗಳ ತುದಿಗೆ ಗಾಲಿ ಇರೋ ಈಗಿನ ಬಿಲ್ಲು) ತಗೊಂಡಿದ್ದಾನೆ, ಬಳಸಬಹುದಾ ಅಂತ ಕೇಳ್ತಿದ್ದಾನೆ. ಫೋಟೋ ನೋಡಿ ಹೇಳೋ ಮಾತಲ್ಲ ಇದು.

ಮೊದಲು ಲಿಂಬ್, ಅಂದರೆ ಬಾಗುವ ತೋಳುಗಳನ್ನು ನೋಡಬೇಕು. ಒಂದು ಹತ್ತಿ ಉಂಡೆ ತಗೊಂಡು (ಹುಬ್ಬಳ್ಳಿ ಕಡೆ ಹತ್ತಿಗೇನು ಬರ?) ಎರಡೂ ಮಗ್ಗುಲು, ಅಂಚು, ಗಾಲಿಯ ಆಕ್ಸಲ್ (ಅಚ್ಚು) ಹಾಯುವ ತುದಿ, ಎಲ್ಲಾ ಕಡೆ ಮೆಲ್ಲಗೆ ಸವರಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಫೈಬರ್ ಸೀಳಿರಬಹುದು. ಬರೀ ಬಣ್ಣದ ಗೀರಾದರೆ ಪರವಾಗಿಲ್ಲ. ಪದರ ಬಿಟ್ಟಿದ್ದರೆ, ಉಗುರಿಗೆ ತಾಗುವ ಬಿರುಕಿದ್ದರೆ ಎಳೆಯಲೇಬೇಡಿ. ಅಂಟು ಹಾಕಿ ಸರಿ ಮಾಡ್ತೀನಿ ಅನ್ನೋ ಮಾತೂ ಬೇಡ.

ಹೆದೆ, ಕೇಬಲ್ ಹೇಗಿವೆ? ನೂಲು ಎದ್ದು ಜುಂಗು ಜುಂಗಾಗಿದ್ದರೆ ಮುಗೀತು. ಚೆನ್ನಾಗೇ ಕಂಡರೂ ವಯಸ್ಸು ಗೊತ್ತಿಲ್ಲ ಅಂದರೆ ನಾನಂತೂ ಬದಲಿಸ್ತೀನಿ. ಆದರೆ ಮನೇಲಿ ಬಿಚ್ಚೋಕೆ ಹೋಗಬೇಡಿ. ಸುಮ್ನೆ ನೇತುಹಾಕಿದ ಬಿಲ್ಲಿನಲ್ಲೂ ಬಿಗಿ ತುಂಬಿರುತ್ತೆ, ಅದಕ್ಕೆ ಬೋ ಪ್ರೆಸ್ (ತೋಳುಗಳನ್ನು ಒತ್ತಿ ಹಿಡಿಯುವ ಸಾಧನ) ಇರೋರ ಹತ್ತಿರವೇ ಹೋಗಬೇಕು. ಹಾಗೇ ಕ್ಯಾಮ್, ಅಂದರೆ ತುದಿಯ ಗಾಲಿಯ ಅಂಚಿಗೆ ಬೆರಳಾಡಿಸಿ. ಸಣ್ಣ ಕಚ್ಚು ಇದ್ದರೂ ಹೊಸ ಹೆದೆಯನ್ನು ಕೊಯ್ದು ಹಾಕುತ್ತೆ.

ಮಾರಿದವರನ್ನು ಒಂದು ಮಾತು ಕೇಳಿ: ಬಾಣ ಇಲ್ಲದೆ ಯಾರಾದರೂ ಎಳೆದು ಬಿಟ್ಟಿದ್ದಾರಾ? ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆಗ ಲಿಂಬ್, ಕ್ಯಾಮ್‌ಗೇ ಬಡಿಯುತ್ತೆ. ತೀರಾ ಹಗುರ ಬಾಣವೂ ಹೆಚ್ಚು ಕಡಿಮೆ ಅದೇ ಕೆಲಸ ಮಾಡುತ್ತೆ. ಸಾಮಾನ್ಯ ಲೆಕ್ಕ, ಬಿಲ್ಲು ಎಳೆಯೋಕೆ ಬೇಕಾದ ಬಲದ ಪ್ರತಿ ಪೌಂಡಿಗೆ ಬಾಣದ ತೂಕ ಕನಿಷ್ಠ 5 ಗ್ರೇನ್. 60 ಪೌಂಡ್ ಬಿಲ್ಲಿಗೆ 300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ ಬಾಣ. ಹಳೇ ಬಿಲ್ಲಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೇ ಒಳ್ಳೇದು.