ಒಂದು ಪೇಪರಿಗೆ ಎಷ್ಟು ಹೆಸರು?

"ಮೇಡಂ, ಒಂದು ಪೇಪರಿಗೆ ಎಷ್ಟು ಜನರ ಹೆಸರು ಹಾಕ್ಬಹುದು?"

ಮಂಗಳೂರಿನ ಕಾಲೇಜೊಂದರ ಲೈಬ್ರರಿಯಲ್ಲಿ 19 ವರ್ಷದಿಂದ ಇದ್ದೇನೆ. ಪುಸ್ತಕ ಎಲ್ಲುಂಟು ಎಂದು ಕೇಳುವವರಿಗಿಂತ ಈ ಪ್ರಶ್ನೆ ಕೇಳುವವರೇ ಈಗ ಹೆಚ್ಚು. ಪೇಪರ್ ಎಂದರೆ ಇಲ್ಲಿ ಸಂಶೋಧನಾ ಲೇಖನ. ಪಿಎಚ್‌ಡಿ ಮಾಡುವವರು ಕೇಳುತ್ತಾರೆ, ಪ್ರಮೋಷನ್ ಅರ್ಜಿ ತುಂಬುವ ಅಧ್ಯಾಪಕರು ಕೇಳುತ್ತಾರೆ. ಮಗಳು ಮೆಡಿಕಲ್ ಪಿಜಿ ಓದುತ್ತಿರುವ ನೆರೆಮನೆಯವರೂ ಒಮ್ಮೆ ಗೇಟಿನ ಬಳಿ ನಿಲ್ಲಿಸಿ ಕೇಳಿದರು: "ಅವಳ ಪೇಪರಲ್ಲಿ ಎಂಟು ಹೆಸರು ಉಂಟು ಮಾರಾಯ್ರೆ, ಅವಳದ್ದು ಮೂರನೇದು. ಅದು ಒಳ್ಳೇದಾ ಅಲ್ವಾ?" ನಿಂತಲ್ಲೇ ಹೇಳಿದ ಉತ್ತರ ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧ ಇಲ್ಲಿದೆ.

ಕೆಲಸ ಮಾಡಿದವರೆಲ್ಲರ ಹೆಸರೂ ಇರಬೇಕು. ಇದು ನನ್ನ ಉತ್ತರ. ಆದರೆ ಯಾವುದು ಕೆಲಸ ಎನ್ನುವುದಕ್ಕೆ ಒಂದೊಂದು ವಿಭಾಗದಲ್ಲಿ ಒಂದೊಂದು ರೂಢಿ, ತೊಡಕು ಅಲ್ಲಿದೆ.

2015ರಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿಯ ಬಗ್ಗೆ ಒಂದು ಪೇಪರ್ ಬಂತು. ಜಿನೀವಾ ಬಳಿಯ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿರುವ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ತಂಡಗಳು ಕೂಡಿ ಬರೆದದ್ದು. ಲೇಖಕರು 5,154 ಮಂದಿ. ಒಟ್ಟು 33 ಪುಟ; ಅದರಲ್ಲಿ ವಿಷಯ 9 ಪುಟ, ಹೆಸರು ಮತ್ತು ಸಂಸ್ಥೆಗಳ ಪಟ್ಟಿಯೇ 24 ಪುಟ. ಇದನ್ನು ತೋರಿಸಿದರೆ ಹುಡುಗರು ನಗುತ್ತಾರೆ. ನನಗೆ ಆ ಪಟ್ಟಿಯ ಮೇಲೆ ಗೌರವ. ಯಕ್ಷಗಾನದ ಕರಪತ್ರದಲ್ಲಿ ಭಾಗವತರ, ಮದ್ದಳೆಯವರ, ವೇಷಧಾರಿಗಳ ಹೆಸರಿರುತ್ತದೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ರಾತ್ರಿಯಿಡೀ ಎದ್ದಿದ್ದು ವೇಷಕ್ಕೆ ಒದಗಿದವರ ಹೆಸರು ಕಾಣುವುದಿಲ್ಲ. ಸರ್ನ್‌ನ ಆ ಪೇಪರಿನಲ್ಲಿ ಯಂತ್ರ ಕಟ್ಟಿದವರು, ಅದನ್ನು ಕಾದವರು, ಅಂಕಿಅಂಶ ಸೋಸುವ ಪ್ರೋಗ್ರಾಂ ಬರೆದವರು ಎಲ್ಲರೂ ಲೇಖಕರು. ಚೌಕಿಯವರ ಹೆಸರೂ ಅಚ್ಚಾಗಿದೆ.

ಇದು ತುತ್ತತುದಿಯ ಉದಾಹರಣೆ, ನಿಜ. ಆದರೆ ಗಾಳಿ ಬೀಸುವ ದಿಕ್ಕು ಅದೇ. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವುಚ್ಟಿ, ಜೋನ್ಸ್, ಉಝಿ ಎಂಬ ಮೂವರು ಸುಮಾರು 2 ಕೋಟಿ ಪೇಪರುಗಳನ್ನು ಎಣಿಸಿ ನೋಡಿದರು. ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ 1955ರ ಹೊತ್ತಿಗೆ ಒಂದು ಪೇಪರಿಗೆ ಸರಾಸರಿ 1.9 ಲೇಖಕರಿದ್ದರೆ 2000ಕ್ಕೆ ಅದು 3.5 ಆಗಿತ್ತು. ಸಮಾಜವಿಜ್ಞಾನಗಳಲ್ಲಿ ಕೂಡಿ ಬರೆದ ಪೇಪರುಗಳ ಪಾಲು ಅಷ್ಟೇ ಅವಧಿಯಲ್ಲಿ ಶೇ. 17.5ರಿಂದ 51.5ಕ್ಕೆ ಏರಿತ್ತು. ಕಲೆ, ಸಾಹಿತ್ಯ, ಇತಿಹಾಸದ ಕಡೆ ಮಾತ್ರ ಶೇ. 90ಕ್ಕಿಂತ ಹೆಚ್ಚು ಪೇಪರುಗಳು ಒಬ್ಬರದೇ ಹೆಸರಿನಲ್ಲಿದ್ದವು.

ಕಾರಣ ಊಹಿಸುವುದು ಕಷ್ಟವಲ್ಲ. ನಮ್ಮ ಘಟ್ಟದ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದಾಗಲೇ ಒಬ್ಬರಿಂದ ಮುಗಿಯುವ ಕೆಲಸ ಅದಾಗಿರಲಿಲ್ಲ. ಜ್ವರದವರನ್ನು ನೋಡಲು ವೈದ್ಯರು, ವೈರಸ್ ಹಿಡಿಯಲು ಪ್ರಯೋಗಾಲಯದವರು, ಉಣ್ಣಿ ಬಲ್ಲ ಕೀಟಶಾಸ್ತ್ರದವರು, ಸತ್ತ ಮಂಗಗಳನ್ನು ಪರೀಕ್ಷಿಸುವವರು ಎಲ್ಲರೂ ಬೇಕು. ಒಬ್ಬೊಬ್ಬರು ತಿಳಿಯಬೇಕಾದದ್ದು ಆಳವಾದಷ್ಟೂ ಪಕ್ಕದವರ ಸಹಾಯ ಬೇಕೇ ಬೇಕಾಗುತ್ತದೆ. ಹಾಗೆಂದು ತಂಡ ದೊಡ್ಡದಾದಷ್ಟೂ ಹೊಸತು ಹುಟ್ಟುತ್ತದೆ ಎನ್ನುವಂತಿಲ್ಲ. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 6.5 ಕೋಟಿಗೂ ಹೆಚ್ಚು ಪೇಪರು, ಪೇಟೆಂಟು, ಸಾಫ್ಟ್‌ವೇರುಗಳನ್ನು ನೋಡಿ ಹೇಳಿದ್ದು: ದೊಡ್ಡ ತಂಡಗಳು ಇರುವ ದಾರಿಯನ್ನು ಬೆಳೆಸುತ್ತವೆ, ಹೊಸ ದಾರಿ ಕಡಿಯುವುದು ಹೆಚ್ಚಾಗಿ ಸಣ್ಣ ತಂಡಗಳು.

ಇನ್ನು ಹೆಸರಿನ ಸರದಿ. ಮೆಡಿಕಲ್‌ನಲ್ಲಿ ಮೊದಲ ಹೆಸರು ಹೆಚ್ಚು ದುಡಿದವರದ್ದು, ಕೊನೆಯದು ಸಾಮಾನ್ಯವಾಗಿ ತಂಡ ನಡೆಸಿದ ಹಿರಿಯರದ್ದು. ಗಣಿತದಲ್ಲಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. 1918ರ ಪ್ರಸಿದ್ಧ ಪೇಪರಿನಲ್ಲಿ ಹಾರ್ಡಿ ಮೊದಲು, ರಾಮಾನುಜನ್ ಆಮೇಲೆ; ಅದರಿಂದ ಯಾರು ಹೆಚ್ಚು ಯಾರು ಕಡಿಮೆ ಎಂದು ಯಾರೂ ಅಳೆಯುವುದಿಲ್ಲ. ಅರ್ಥಶಾಸ್ತ್ರದಲ್ಲೂ ಬಹಳ ಕಾಲದಿಂದ ಅದೇ ರೂಢಿ. ಅಂದರೆ ಆಚಾರ್ಯರು ಯಾವಾಗಲೂ ಮೊದಲು, ಶೆಟ್ಟರು ಯಾವಾಗಲೂ ಕೊನೆ. ಇದರಿಂದ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಅಮೆರಿಕದ ಮೇಲ್ಮಟ್ಟದ ಅರ್ಥಶಾಸ್ತ್ರ ವಿಭಾಗಗಳಲ್ಲಿ ಅಕ್ಷರಮಾಲೆಯಲ್ಲಿ ಮುಂದಿರುವ ಹೆಸರಿನವರಿಗೆ ಕಾಯಂ ಹುದ್ದೆ ಸಿಗುವ ಸಂಭವ ಹೆಚ್ಚು ಎಂದು 2006ರಲ್ಲಿ ಐನಾವ್ ಮತ್ತು ಯಾರಿವ್ ತೋರಿಸಿದರು. ಅಕ್ಷರಮಾಲೆ ಅನುಸರಿಸದ ಮನಶ್ಶಾಸ್ತ್ರದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನೆರೆಮನೆಯವರಿಗೆ ನಾನು ಹೇಳಿದ್ದು ಇಷ್ಟೇ: ಮೂರನೆಯದು ಒಳ್ಳೆಯದೇ, ತಾನು ಮಾಡಿದ್ದೇನು ಎಂದು ನಿಮ್ಮ ಮಗಳಿಗೆ ಹೇಳಲು ಬಂದರೆ.

ಆ 'ಬಂದರೆ' ಎಂಬಲ್ಲೇ ನನ್ನ ಸಂಕಟ. ಏನೂ ಮಾಡದವರ ಹೆಸರು ಸೇರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಹಾಕದಿದ್ರೆ ಸರ್‌ಗೆ ಬೇಜಾರಾಗ್ತದೆ ಮೇಡಂ" ಎಂದು ತಲೆ ತಗ್ಗಿಸಿ ಹೇಳಿದ ಹುಡುಗಿಯ ಮುಖ ಇನ್ನೂ ಮರೆತಿಲ್ಲ. ನಿಯಮಗಳ ಲೆಕ್ಕವೂ ಇದಕ್ಕೆ ಒತ್ತಾಸೆಯಾಗಿದೆ. ಅಧ್ಯಾಪಕರ ಪ್ರಮೋಷನ್ನಿಗೆ ಪೇಪರುಗಳಿಗೂ ಅಂಕ ಉಂಟು. 2018ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮಾವಳಿಯಲ್ಲಿ ಒಬ್ಬರೇ ಬರೆದರೆ ಪೂರ್ಣ ಅಂಕ. ಇಬ್ಬರಾದರೆ ತಲಾ ಶೇ. 70, ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ಎರಡನೆಯ ಹೆಸರು ಸೇರಿದಾಗ ಮೊದಲನೆಯವರಿಗೆ 30 ಹೋಗುತ್ತದೆ. ಮೂರನೆಯದು, ಎಂಟನೆಯದು, ಹತ್ತನೆಯದು ಸೇರಿದರೆ ಅವರಿಗೆ ಏನೂ ಹೋಗುವುದಿಲ್ಲ. ಬೇಡ ಎನ್ನಲು ಕಾರಣವೇ ಉಳಿಯುವುದಿಲ್ಲ!

ಕೇಳಲು ಬಂದವರ ಮುಂದೆ ನಾನು ಇಡುವುದು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತು. ಕೆಲಸದ ಯೋಜನೆಯಲ್ಲೋ ಮಾಹಿತಿ ಕಲೆಹಾಕಿ ವಿಶ್ಲೇಷಿಸುವುದರಲ್ಲೋ ಗಣನೀಯ ಪಾಲಿರಬೇಕು, ಬರೆಯುವುದರಲ್ಲಿ ಇಲ್ಲವೇ ತಿದ್ದುವುದರಲ್ಲಿ ಕೈಯಿರಬೇಕು, ಕೊನೆಯ ಪ್ರತಿ ಓದಿ ಒಪ್ಪಿರಬೇಕು, ನಾಳೆ ಯಾರಾದರೂ ಪ್ರಶ್ನಿಸಿದರೆ ಹೊಣೆ ಹೊರಬೇಕು. ನಾಲ್ಕೂ ಬೇಕು. ದುಡ್ಡು ತಂದುಕೊಟ್ಟದ್ದು, ಒಟ್ಟಾರೆ ಮೇಲ್ವಿಚಾರಣೆ ಮಾಡಿದ್ದು ಇಷ್ಟರಿಂದಲೇ ಯಾರೂ ಲೇಖಕರಾಗುವುದಿಲ್ಲ.

ಕನ್ನಡ ವಿಭಾಗದವರ ಪ್ರಶ್ನೆ ಬೇರೆ: "ನಮ್ಮಲ್ಲಿ ಒಬ್ಬರದೇ ಹೆಸರು ಇರುದಲ್ವಾ ಮೇಡಂ?" ಹೌದು, ರೂಢಿ ಹಾಗಿದೆ. ಆದರೆ ನಮ್ಮ ಜಿಲ್ಲೆಯಲ್ಲೇ ಬೇರೆ ದಾರಿಯೂ ಉಂಟು. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು, ಅಂದರೆ ತುಳು ಕಥನಗೀತೆಯನ್ನು, 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರ ತಂಡ ದಾಖಲಿಸಿತು. ಬರಹಕ್ಕೆ ಇಳಿಸಿದಾಗ ಅದು 15,683 ಸಾಲು. 1998ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು, ಒಂದು ಪುಟದಲ್ಲಿ ತುಳು, ಎದುರಿಗೆ ಇಂಗ್ಲಿಷ್. ಹಾಂಕೊ ಅವರ ಜೊತೆಗೆ ಮಂಗಳೂರು ವಿಶ್ವವಿದ್ಯಾನಿಲಯದ ಚಿನ್ನಪ್ಪ ಗೌಡರು, ವಿವೇಕ ರೈಗಳು, ಫಿನ್ಲೆಂಡಿನ ಆನ್ನೆಲಿ ಹಾಂಕೊ ಅವರ ಹೆಸರುಗಳಿವೆ. ಅದಕ್ಕಿಂತ ಮುಖ್ಯವಾಗಿ, ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇದೆ: ಗೋಪಾಲ ನಾಯ್ಕರು ಹಾಡಿದಂತೆ ಸಿರಿ ಮಹಾಕಾವ್ಯ. ಆ ಪುಸ್ತಕ ಕೈಗೆ ತೆಗೆದುಕೊಂಡಾಗಲೆಲ್ಲ ನಾನು ಮೊದಲು ನೋಡುವುದು ಅದನ್ನೇ.

ಏಕೆಂದರೆ ನಾನು ಹಾಗೆ ಮಾಡಲಿಲ್ಲ. ಲೈಬ್ರರಿ ಸೈನ್ಸಿಗೆ ಬರುವ ಮೊದಲು ಕನ್ನಡದಲ್ಲಿ ಎಂ.ಫಿಲ್. ಮಾಡಿದ್ದೆ. ನನ್ನ ಪ್ರಬಂಧ ನಿಂತಿರುವುದು ದೊಡ್ಡಮ್ಮನ ಮನೆಯ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಒಬ್ಬ ಅಕ್ಕನ ಹಾಡುಗಳ ಮೇಲೆ. ಮೂರು ಮಳೆಗಾಲ ಅವರ ಮನೆಯ ಜಗಲಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದೇನೆ. ಅವರು ಬರೇ ಹಾಡಲಿಲ್ಲ. ಈ ಸಾಲು ನೆಡುವಾಗ ಮಾತ್ರ, ಇದು ಮನೆಯೊಳಗೆ ಹೇಳುವಂಥದ್ದಲ್ಲ, ಈ ಮಾತಿಗೆ ನಮ್ಮ ಅಜ್ಜಿ ಬೇರೆ ಅರ್ಥ ಹೇಳ್ತಿದ್ರು ಎಂದೆಲ್ಲ ಬಿಡಿಸಿ ಹೇಳಿದ್ದರು. ಪ್ರಬಂಧದಲ್ಲಿ ವಿಶ್ಲೇಷಣೆ ಎಂದು ನಾನು ಬರೆದುಕೊಂಡದ್ದರಲ್ಲಿ ಎಷ್ಟೋ ಭಾಗ ಅವರ ವಿಶ್ಲೇಷಣೆ. ಅವರಿಗೆ ನಾನು ಕೊಟ್ಟ ಜಾಗ ಅನುಬಂಧದ ಒಂದು ಸಾಲು: 'ವಕ್ತೃ, ಸ್ತ್ರೀ, 58 ವರ್ಷ, ಕೃಷಿ ಕೂಲಿ'. ಹೆಸರೇ ಇಲ್ಲ. ಆಗ ಅದು ತಪ್ಪೆಂದು ತೋರಲೂ ಇಲ್ಲ.

ಈಗ ವಿಜ್ಞಾನದ ಪತ್ರಿಕೆಗಳಲ್ಲಿ ಯಾರು ಏನು ಮಾಡಿದರು ಎಂದು 14 ಬಗೆಯ ಪಾತ್ರಗಳಲ್ಲಿ ಗುರುತಿಸುವ ಕ್ರೆಡಿಟ್ ಎಂಬ ಪದ್ಧತಿಯಿದೆ. ಪರಿಕಲ್ಪನೆ, ಸಾಫ್ಟ್‌ವೇರ್, ಮೇಲ್ವಿಚಾರಣೆ, ಮೊದಲ ಕರಡು, ಹೀಗೆ. ಒಳ್ಳೆಯ ಪದ್ಧತಿ, ಎಲ್ಲರಿಗೂ ಹೇಳುತ್ತೇನೆ. ಆದರೆ ಆ 14ರಲ್ಲಿ ಆ ಅಕ್ಕನನ್ನು ಎಲ್ಲಿ ಕೂರಿಸಲಿ? ಹೆಚ್ಚೆಂದರೆ 'ಸಂಪನ್ಮೂಲ' ಎಂಬಲ್ಲಿ. ಗದ್ದೆಯಲ್ಲಿ ಬಗ್ಗಿ ನಿಂತು ಗಂಟೆಗಟ್ಟಲೆ ಹಾಡು ಎತ್ತಿಕೊಡುತ್ತಿದ್ದವರು ಸಂಪನ್ಮೂಲವೇ?

ಅವರು ತೀರಿಹೋಗಿ ಏಳು ವರ್ಷವಾಯಿತು. ಕಳೆದ ತಿಂಗಳು ಅವರ ಮಗಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆ. ಲೈಬ್ರರಿಯ ದಾಖಲೆಯಲ್ಲಿ ಅಮ್ಮನ ಹೆಸರು ಇರಲಿ, ಇಂಟರ್‌ನೆಟ್ಟಿನಲ್ಲಿ ಬರೆಯುವುದು ಬೇಡ ಅಕ್ಕ ಎಂದರು. ಅದಕ್ಕೆ ಇಲ್ಲಿ ಬರೆಯುತ್ತಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಲೈಬ್ರರಿಯ ಸಾಫ್ಟ್‌ವೇರ್ ಕೋಹಾದಲ್ಲಿ ನನ್ನ ಪ್ರಬಂಧದ ದಾಖಲೆ ತೆರೆದೆ. ಲೇಖಕರ ಜೊತೆಗೆ ಕೆಲಸ ಮಾಡಿದ ಇತರರ ಹೆಸರಿಗೆಂದು 700 ಸಂಖ್ಯೆಯ ಒಂದು ಸಾಲು ಇರುತ್ತದೆ, ಅಲ್ಲಿ ಅವರ ಪೂರ್ತಿ ಹೆಸರು, ಪಾತ್ರ ಎಂಬಲ್ಲಿ 'ಹಾಡಿದವರು, ಅರ್ಥ ಹೇಳಿದವರು' ಎಂದು ಟೈಪ್ ಮಾಡಿ ಸೇವ್ ಮಾಡಿದೆ. ಆಮೇಲೆ ಓದುಗರು ಹುಡುಕುವ ಕಂಪ್ಯೂಟರಿನ ಎದುರು ಕೂತು ಅವರ ಹೆಸರು ಹೊಡೆದು ನೋಡಿದೆ. ಒಂದು ಪುಸ್ತಕ ಸಿಕ್ಕಿತು.